ನಾಲ್ಕು ಒಣ ಮಾತು

ಚೀನಾದ ಕಾಲೇಜು ಹುಡುಗರ ಇಂಗ್ಲಿಷು ಮೊದಲ ಪುಟದಲ್ಲೇ ಮುಗಿದುಹೋಗುತ್ತದೆ ಎಂಬುದು ಅಲ್ಲಿಯವರೇ ಹೇಳಿಕೊಂಡು ನಗುವ ತಮಾಷೆ. ಪದವಿ ಓದುವವರಿಗೆ ಅಲ್ಲಿ ಕಾಲೇಜ್ ಇಂಗ್ಲಿಷ್ ಟೆಸ್ಟ್ ಎಂಬ ಪರೀಕ್ಷೆಯೊಂದಿದೆ, 1987ರಲ್ಲಿ ಶುರುವಾದದ್ದು. ಒಟ್ಟು 710 ಅಂಕ, 425 ಬಂದರೆ ಗೆದ್ದಂತೆ. ಅದಕ್ಕೆಂದೇ ಮಾರುವ ಶಬ್ದಪಟ್ಟಿಯ ದಪ್ಪ ಪುಸ್ತಕಗಳಲ್ಲಿ ಪದಗಳು ಅಕ್ಷರಕ್ರಮದಲ್ಲಿ ಸಾಲುಗಟ್ಟಿರುತ್ತವೆ. ತೆರೆದ ಕೂಡಲೇ ಎದುರಾಗುವ ಪದ ‘ಅಬ್ಯಾಂಡನ್’. ಅಂದರೆ ಕೈಬಿಡು. ಪುಸ್ತಕವೇ ಬಾಗಿಲಲ್ಲಿ ನಿಂತು ಹೀಗೆ ಅಪ್ಪಣೆ ಕೊಟ್ಟ ಮೇಲೆ ಬಡ ವಿದ್ಯಾರ್ಥಿ ತಾನೇ ಏನು ಮಾಡಿಯಾನು? ವಿಧೇಯನಾಗಿ ಕೈಬಿಟ್ಟು ನೂಡಲ್ಸ್ ತಿನ್ನಲು ಹೋಗುತ್ತಾನೆ. ಮುಂದಿನ ವಾರ ಮತ್ತೆ ಉತ್ಸಾಹ ಬಂದು ಮೊದಲಿನಿಂದ ಶುರುಮಾಡುತ್ತಾನೆ. ಮತ್ತೆ ಅದೇ ಅಪ್ಪಣೆ.

ಹಾಗೂ ಹೀಗೂ ಏಗಿ ಡಿ ಅಕ್ಷರದವರೆಗೆ ಬಂದ ಧೀರರಿಗೆ ‘ಡ್ರೈ’ ಎಂಬ ಗುಣವಾಚಕ ಸಿಗುತ್ತದೆ. ಇಂಗ್ಲಿಷಿನಲ್ಲಿ ಮೂರೇ ಅಕ್ಷರ. ಪ್ರೈಮರಿಯಲ್ಲೇ ಕಲಿತದ್ದು ಎಂದು ಯಾರೂ ಅದರ ಎದುರು ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ಇಂಗ್ಲಿಷಿನಲ್ಲಿ ಹೆದರಬೇಕಾದದ್ದು ಇಂಥ ಗಿಡ್ಡ ಪದಗಳಿಗೇ. ಉದ್ದುದ್ದ ಪದಗಳಿಗೆ ಒಂದು ಅರ್ಥ, ಹೆಚ್ಚೆಂದರೆ ಒಂದೂವರೆ. ಅವು ತಮ್ಮ ಪಾಡಿಗೆ ನಿಘಂಟಿನಲ್ಲಿ ಬಿದ್ದಿರುತ್ತವೆ. ಗಿಡ್ಡವು ಮಾತ್ರ ಊರೆಲ್ಲ ಸುತ್ತಿ, ಸಿಕ್ಕಸಿಕ್ಕ ನಾಮಪದದ ಹೆಗಲ ಮೇಲೆ ಕೈಹಾಕಿಕೊಂಡು ಬರುತ್ತವೆ.

ನನಗೆ ಈ ‘ಡ್ರೈ’ ಗಂಟುಬಿದ್ದದ್ದು ಗುವಾಂಗ್‌ಝೌನಲ್ಲಿ. ಆಗ ನಾನು ಬಟ್ಟೆ ವ್ಯಾಪಾರದ ಒಂದು ಆಫೀಸಿನಲ್ಲಿದ್ದೆ. ಆ ಊರಿನ ಝೋಂಗ್‌ದಾ ಬಟ್ಟೆ ಮಾರುಕಟ್ಟೆಯ ಗಲ್ಲಿಗಳಲ್ಲಿ ಥಾನುಗಳನ್ನು ಮುಟ್ಟಿ ನೋಡುವುದು, ಸ್ಯಾಂಪಲ್ ಕತ್ತರಿಸಿ ತರುವುದು, ಬೆಂಗಳೂರಿನ ಗಾರ್ಮೆಂಟ್ಸ್‌ನವರ ಜೊತೆ ಫೋನಿನಲ್ಲಿ ಜಗಳಾಡುವುದು ನನ್ನ ಕೆಲಸ. ಇಂಡಿಯಾದವನು ಎಂಬ ಒಂದೇ ಕಾರಣಕ್ಕೆ ನನಗೆ ಇಂಗ್ಲಿಷು ಚೆನ್ನಾಗಿ ಬರುತ್ತದೆ ಎಂದು ಆಫೀಸಿನವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅನುಮಾನ ಕೇಳಲು ಬರುವರು. ‘ಲಾವ್‌ಶಿ’ ಎಂದು ಕರೆಯುವರು. ಲಾವ್‌ಶಿ ಎಂದರೆ ಮೇಷ್ಟ್ರು. ಸಂಬಳ ಕೊಡುವಾಗ ಯಾರೂ ಹಾಗೆ ಕರೆಯಲಿಲ್ಲ.

ಅವರೆಲ್ಲ ವಿದೇಶಿ ಗಿರಾಕಿಗಳಿಗೆಂದು ಒಂದೊಂದು ಇಂಗ್ಲಿಷ್ ಹೆಸರು ಇಟ್ಟುಕೊಂಡಿದ್ದರು. ಈ ಪದ್ಧತಿ ಚೀನಾದಲ್ಲಿ ಮಾಮೂಲು. ಜಾನು, ಮೇರಿ ಅಂತ ಇಟ್ಟುಕೊಳ್ಳುವವರೂ ಉಂಟು. ಸನ್ನಿ, ಹ್ಯಾಪಿ, ಲಕ್ಕಿ ಎಂದು ಗುಣವಾಚಕವನ್ನೇ ಕೊರಳಿಗೆ ಕಟ್ಟಿಕೊಂಡವರೂ ಉಂಟು. ‘ಹ್ಯಾಪಿ ಇವತ್ತು ಅಳ್ತಾ ಇದ್ದಾಳೆ, ಮಾತಾಡಿಸಬೇಡಿ’ ಎಂದು ಯಾರಾದರೂ ಬಂದು ಹೇಳಿದರೆ ನಗು ತಡೆದುಕೊಳ್ಳುವುದು ಕಷ್ಟ. ನಮ್ಮಲ್ಲೂ ಶಾಂತಮ್ಮ ಎಂಬ ಹೆಸರಿನವರ ಗಂಟಲು ನಾಲ್ಕು ಬೀದಿಗೆ ಕೇಳುವುದುಂಟು ಎಂದು ನೆನೆದು ಸುಮ್ಮನಾಗುತ್ತಿದ್ದೆ.

‘ಡ್ರೈ’ ಪುರಾಣ ಶುರುವಾದದ್ದು ಅಂಗಿಯ ಕಾಲರಿನ ಒಳಗಿರುವ ಲೇಬಲ್ಲಿನಿಂದ. ಓದುಗರು ಒಮ್ಮೆ ತಮ್ಮ ಅಂಗಿಯದನ್ನು ತಿರುಗಿಸಿ ನೋಡಬಹುದು. ಚೌಕದೊಳಗೆ ಒಂದು ವೃತ್ತ ಇದ್ದರೆ ಯಂತ್ರದಲ್ಲಿ ಉರುಳಿಸಿ ಒಣಗಿಸಿ ಎಂದರ್ಥ. ಚೌಕದ ಮೇಲಂಚಿನಿಂದ ಜೋತುಬಿದ್ದ ಗೆರೆಯಿದ್ದರೆ ಹಗ್ಗದ ಮೇಲೆ ಹರವಿ. ಮೂರು ನಿಲುಗೆರೆ ಇದ್ದರೆ ಹಿಂಡದೆ ಹಾಗೇ ನೀರು ತೊಟ್ಟಿಕ್ಕಲು ಬಿಡಿ. ಒಂದೇ ಅಡ್ಡಗೆರೆಯಾದರೆ ಮಲಗಿಸಿ ಒಣಗಿಸಿ. ಮೂಲೆಯಲ್ಲಿ ಎರಡು ಓರೆಗೆರೆ ಇದ್ದರೆ ನೆರಳಿನಲ್ಲಿ. ಚೌಕವೇ ಇಲ್ಲದೆ ಬರೀ ವೃತ್ತ ನಿಂತಿದ್ದರೆ ಅದು ಡ್ರೈ ಕ್ಲೀನಿಂಗ್. ಒಂದು ಅಂಗಿಯ ಮೈಮೇಲೆ ಇಷ್ಟೊಂದು ಒಣಗುವಿಕೆ. ನಮ್ಮ ಆಫೀಸಿನಲ್ಲಿ ಲೇಬಲ್ ಮುದ್ರಣ ನೋಡಿಕೊಳ್ಳುತ್ತಿದ್ದ ಹುಡುಗಿಗೆ ಇವೆಲ್ಲ ಬಾಯಿಪಾಠ. ಒಂದು ದಿನ ಊಟದ ಡಬ್ಬಿ ಹಿಡಿದು ಬಂದವಳೇ ಕೇಳಿದಳು:

‘ಲಾವ್‌ಶಿ, ಡ್ರೈ ಕ್ಲೀನ್ ಮಾಡುವಾಗ ಬಟ್ಟೆ ಯಂತ್ರದೊಳಗೆ ಮುಳುಗಿ ತೊಪ್ಪೆಯಾಗುತ್ತೆ. ನಾನೇ ನೋಡಿದೀನಿ. ಅದು ಡ್ರೈ ಹೇಗೆ?’

‘ನಿಮ್ಮ ಭಾಷೆಯಲ್ಲೂ ಗಾನ್‌ಶಿ ಅಂತೀರಲ್ಲ? ಒಣ ಒಗೆತ ಅಂತಲೇ ಅಲ್ವಾ ಅದರ ಅರ್ಥ?’ ಎಂದೆ.

‘ಅದು ಇಂಗ್ಲಿಷಿನವರನ್ನ ನಂಬಿ ಇಟ್ಟುಕೊಂಡ ಹೆಸರು. ಈಗ ನಿಮ್ಮನ್ನ ಕೇಳ್ತಾ ಇದೀನಿ’ ಎಂದಳು.

ಬಟ್ಟೆ ಮುಳುಗುವುದು ನಿಜ, ಆದರೆ ಪೆರ್‌ಕ್ಲೋರೋಎಥಿಲೀನ್ ಮುಂತಾದ ದ್ರಾವಕಗಳಲ್ಲಿ. ಲೇಬಲ್ಲಿನ ವೃತ್ತದೊಳಗೆ ಪಿ ಅಕ್ಷರ ಕಂಡರೆ ಅದಕ್ಕೇ ಅನುಮತಿ ಎಂದು ಗೊತ್ತು. ಅಲ್ಲಿ ನೀರಿಲ್ಲ, ಅದಕ್ಕೇ ಡ್ರೈ. ಇದನ್ನು ವಿವರಿಸುತ್ತಿರುವಾಗಲೇ ಈ ಪದದ ಬೀಗದ ಕೈ ನನಗೇ ಸಿಕ್ಕಿತು. ಇಂಗ್ಲಿಷಿನವರು ಡ್ರೈ ಎಂದಾಗಲೆಲ್ಲ ಅಲ್ಲಿ ಇರಬೇಕಾದ ಏನೋ ಒಂದು ಇರುವುದಿಲ್ಲ. ಏನಿಲ್ಲ ಎಂಬುದನ್ನು ಮುಂದಿನ ನಾಮಪದ ನೋಡಿ ನಾವೇ ಊಹಿಸಿಕೊಳ್ಳಬೇಕು. ಬಟ್ಟೆಗಾದರೆ ನೀರಿಲ್ಲ. ಟೋಸ್ಟಿಗಾದರೆ ಬೆಣ್ಣೆಯಿಲ್ಲ. ವೈನಿಗಾದರೆ ಸಿಹಿಯಿಲ್ಲ. ಹಸುವಿಗಾದರೆ ಹಾಲಿಲ್ಲ. ಭಾಷಣಕ್ಕಾದರೆ ಸ್ವಾರಸ್ಯವಿಲ್ಲ. ‘ಡ್ರೈ ರನ್ ಅಂದರೆ ಮಳೆ ಇಲ್ಲದಾಗ ಓಡೋದಾ?’ ಎಂದು ಗೋದಾಮಿನ ಹುಡುಗ ಕೇಳಿದ. ನಿಜವಾದ ಕೆಲಸವಿಲ್ಲದ ತಾಲೀಮು ಎಂದೆ. ‘ಹಾಗಾದರೆ ನಮ್ಮ ಮ್ಯಾನೇಜರು ವರ್ಷವೆಲ್ಲ ಮಾಡೋದು ಅದೇ’ ಎಂದ. ಪಾಠ ಹತ್ತಿತೆಂದು ಗೊತ್ತಾಯಿತು.

‘ಏನಿಲ್ಲ?’ ಎಂದು ಕೇಳಿಕೊಳ್ಳಿ, ಅರ್ಥ ಹೊಳೆಯುತ್ತದೆ ಎಂದು ಎಲ್ಲರಿಗೂ ಹೇಳಿಕೊಟ್ಟೆ.

ಅರ್ಥ ಹೊಳೆದರೂ ವಾಕ್ಯ ಕಟ್ಟುವಾಗ ಬೇರೆ ತೊಡಕು. ಚೀನೀ ಭಾಷೆಯಲ್ಲಿ ಗುಣವಾಚಕಕ್ಕೆ ಇಂಗ್ಲಿಷಿನ ‘ಈಸ್’ ಎಂಬ ಊರುಗೋಲು ಬೇಡ. ತಾನೇ ಕ್ರಿಯಾಪದದ ಹಾಗೆ ಎದ್ದು ನಿಲ್ಲುತ್ತದೆ. ಜೊತೆಗೆ ‘ಹೆನ್’ ಎಂಬ ಒಂದು ಪದ ಸೇರಿಸುತ್ತಾರೆ. ಅದರ ಅರ್ಥ ‘ತುಂಬಾ’ ಎಂದಾದರೂ ಒತ್ತಿ ಹೇಳದಿದ್ದರೆ ಅದರಲ್ಲಿ ತುಂಬಾ ಏನೂ ಇರುವುದಿಲ್ಲ, ವಾಕ್ಯ ಕೂರಲು ಒಂದು ಮಣೆ ಅಷ್ಟೆ. ಹೀಗಾಗಿ ಅವರ ಇಂಗ್ಲಿಷಿನಲ್ಲಿ ಎಲ್ಲವೂ ‘ಬಟ್ಟೆ ವೆರಿ ಡ್ರೈ’, ‘ಚಹಾ ವೆರಿ ಹಾಟ್’. ಸ್ವಲ್ಪ ಬೆಚ್ಚಗಿದ್ದ ಚಹಾವೂ ವೆರಿ ಹಾಟೇ. ಇಂಗ್ಲೆಂಡಿನ ಮೇಷ್ಟರು ಇದನ್ನು ಕೇಳಿ ಕೆಂಪು ಶಾಯಿ ಹುಡುಕಬಹುದು. ನನ್ನ ಕಿವಿಗೆ ಏನೂ ಅನ್ನಿಸಲಿಲ್ಲ. ‘ಹುಡುಗಿ ಜಾಣೆ’, ‘ಊಟ ರುಚಿ’ ಎಂದು ಆಡಿಕೊಂಡು ಬೆಳೆದವನಿಗೆ ‘ಈಸ್’ ಎಲ್ಲಿ ಹೋಯಿತೆಂಬ ಚಿಂತೆ ಯಾಕೆ? ನಮ್ಮ ಕನ್ನಡವೂ ಡ್ರೈ ಎಂದು ಒಂದು ಗುಣ ಹೇಳುವುದಕ್ಕಿಂತ ಕ್ರಿಯೆ ಹೇಳುವುದೇ ಹೆಚ್ಚು. ಬಟ್ಟೆ ಒಣಗುತ್ತದೆ, ಗಂಟಲು ಆರುತ್ತದೆ, ಕೆರೆ ಬತ್ತುತ್ತದೆ, ನೀರು ಇಂಗುತ್ತದೆ. ನಮ್ಮ ಡಿ.ಎನ್. ಶಂಕರ ಭಟ್ಟರು ಗುಣಪದಗಳ ಈ ಜಾತಿ ಯಾವ ಭಾಷೆಯಲ್ಲಿ ಎಷ್ಟು ಬೇರೆಯಾಗಿ ನಿಲ್ಲುತ್ತದೆ ಎಂದು ಹುಡುಕಿಕೊಂಡು ಹೋಗಿ 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಊಟದ ಡಬ್ಬಿಯ ಮುಂದೆ ಕೂತು ಅಷ್ಟೆಲ್ಲ ಹೇಳುವ ಧೈರ್ಯ ನನಗಿರಲಿಲ್ಲ.

ಈಗ ಚೀನೀ ‘ಗಾನ್’ ಕಡೆಗೆ ಬರೋಣ. ನಮಗೆ ಸಂಗೀತ ನೆನಪಾಗುತ್ತದೆ, ಅವರಿಗೆ ಇದು ಒಣಗಿದ್ದು. ರಾಗ ಎಳೆಯದೆ ಎತ್ತರದ ದನಿಯಲ್ಲಿ ಸಮನಾಗಿ ಹೇಳಿದರೆ ‘ಒಣ’. ಗದರಿಸಿದ ಹಾಗೆ ಮೇಲಿಂದ ಕೆಳಕ್ಕೆ ಬೀಳಿಸಿ ಹೇಳಿದರೆ ‘ಮಾಡು’. ಹಿಂದೆ ಇವೆರಡಕ್ಕೂ ಬೇರೆ ಬೇರೆ ಲಿಪಿಚಿಹ್ನೆಗಳಿದ್ದವು, ಎರಡೂ ಗೆರೆಗಳ ಗೋಜಲು. 1956ರಲ್ಲಿ ಸರ್ಕಾರ ಲಿಪಿ ಸರಳಗೊಳಿಸಲು ಹೊರಟಾಗ ಎರಡನ್ನೂ ಮೂರು ಗೆರೆಯ ಒಂದೇ ಚಿಹ್ನೆಯ ಕೆಳಗೆ ಸಂಸಾರ ಹೂಡಿಸಿದರು. ಚಿಯೆನ್‌ಲಾಂಗ್ ಚಕ್ರವರ್ತಿಯ ಹೆಸರಿನಲ್ಲಿ ಮಾತ್ರ ಹಳೆಯ ಗೋಜಲು ಚಿಹ್ನೆಯೇ ಉಳಿಯಿತು, ಅಲ್ಲಿ ಅದರ ಉಚ್ಚಾರವೇ ಬೇರೆ. ಉಳಿದ ಪ್ರಜೆಗಳಿಗೆಲ್ಲ ಮೂರೇ ಗೆರೆ. ಮಕ್ಕಳಿಗೆ ಬರೆಯುವುದು ಸುಲಭವಾಯಿತು, ಮುಂದೆ ಹುಟ್ಟಲಿದ್ದ ಕಂಪ್ಯೂಟರಿಗೆ ಗ್ರಹಚಾರ ಕಾದಿತ್ತು.

‘ಮಾಡು’ ಎಂಬ ಕ್ರಿಯಾಪದಕ್ಕೆ ಆಡುಮಾತಿನಲ್ಲಿ ಒಂದು ಪೋಲಿ ಅರ್ಥವೂ ಇದೆ. ಎರಡು ಸಾವಿರದ ಇಸವಿಯ ಆಚೀಚೆ ಬಂದ ಭಾಷಾಂತರದ ತಂತ್ರಾಂಶಕ್ಕೆ ಈ ಮೂರು ಗೆರೆಗಳಿಗೆ ಅದೊಂದೇ ಅರ್ಥ ರುಚಿಸಿತು. ಸೂಪರ್‌ಮಾರ್ಕೆಟ್ಟಿನಲ್ಲಿ ಒಣ ಅಣಬೆ, ಒಣ ಸೀಗಡಿ ಇಡುವ ಸಾಲಿನ ಮೇಲೆ ‘ಒಣ ಸರಕು’ ಎಂದು ಚೀನಿಯಲ್ಲಿ ಬರೆದು, ಕೆಳಗೆ ಇಂಗ್ಲಿಷಿನ ಆ ಸುಪ್ರಸಿದ್ಧ ನಾಲ್ಕಕ್ಷರದ ಬೈಗುಳವನ್ನು ದಪ್ಪಕ್ಷರದಲ್ಲಿ ತೂಗುಹಾಕಿದರು. ಹೋಟೆಲುಗಳ ಮೆನುವಿನಲ್ಲೂ ಅದೇ ಕಥೆ. ಪ್ರವಾಸಿಗಳು ಫೋಟೋ ತೆಗೆದು ಊರಿಗೆ ಕಳಿಸಿದ್ದೇ ಕಳಿಸಿದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚೀನೀ ಭಾಷೆಯ ವಿದ್ವಾಂಸ ವಿಕ್ಟರ್ ಮೇರ್ ಈ ಅನಾಹುತದ ಜಾಡು ಹಿಡಿದು ಅದು ತಂತ್ರಾಂಶದ ಬಾಯಿಂದ ಬಂದದ್ದೆಂದು ವಿವರವಾಗಿ ಬರೆದರು. 2008ರ ಒಲಿಂಪಿಕ್ಸಿಗೆ ಮುಂಚೆ ಬೀಜಿಂಗ್ ಆಡಳಿತ ಬೋರ್ಡುಗಳ ಇಂಗ್ಲಿಷು ತಿದ್ದಲು ದೊಡ್ಡ ಅಭಿಯಾನವನ್ನೇ ನಡೆಸಿತು. ಸಾರ್ವಜನಿಕ ಸ್ಥಳಗಳ ಇಂಗ್ಲಿಷ್ ಹೇಗಿರಬೇಕೆಂಬ ರಾಷ್ಟ್ರೀಯ ಮಾನಕ 2017ರ ಡಿಸೆಂಬರಿನಿಂದ ಜಾರಿಗೆ ಬಂತು. ಒಣಗಿದ ಅಣಬೆ ಒಂದು ದೇಶದ ಮಾನಕ ಸಂಸ್ಥೆಯನ್ನು ಇಷ್ಟು ಕೆಲಸಕ್ಕೆ ಹಚ್ಚಿದ್ದು ಬೇರೆಲ್ಲೂ ಇರಲಾರದು.

ಗಾನ್ ಪ್ರತಾಪ ಇಲ್ಲಿಗೆ ಮುಗಿಯಲಿಲ್ಲ. ಅವರಿಗೆ ‘ಒಣ ಅಪ್ಪ’ ಇದ್ದಾನೆ, ‘ಒಣ ಅಮ್ಮ’ ಇದ್ದಾಳೆ. ಹೆತ್ತವರಲ್ಲ, ಪ್ರೀತಿಯಿಂದ ಮಾಡಿಕೊಂಡ ಸಂಬಂಧ. ರಕ್ತವಿಲ್ಲ, ಹಾಗಾಗಿ ಒಣ. ನನ್ನ ಬೀಗದ ಕೈ ಇಲ್ಲೂ ತಿರುಗಿತೆಂದು ಖುಷಿಯಾಯಿತು. ಗ್ವಿಝೌ ಪ್ರಾಂತ್ಯದ ತಾವೋ ಹ್ವಾಬಿ ಎಂಬಾಕೆ ಒಂದು ಸಣ್ಣ ನೂಡಲ್ಸ್ ಅಂಗಡಿ ಇಟ್ಟಿದ್ದರು. ಓದು ಬರಹ ಬಾರದವರು. ಹಸಿದು ಬಂದ ವಿದ್ಯಾರ್ಥಿಗಳಿಗೆ ಧಾರಾಳವಾಗಿ ಬಡಿಸಿ ಅವರ ಬಾಯಲ್ಲಿ ‘ಒಣ ಅಮ್ಮ’ ಆದರೆಂದು ಹೇಳುತ್ತಾರೆ. ನೂಡಲ್ಸಿಗಿಂತ ಅದರ ಜೊತೆಗಿನ ಮೆಣಸಿನಕಾಯಿ ಖಾರಕ್ಕೇ ಜನ ಮುಗಿಬಿದ್ದಾಗ ಅದನ್ನೇ ಬಾಟಲಿಗೆ ತುಂಬಿದರು. ಅದೇ ‘ಲಾವ್ ಗಾನ್ ಮಾ’, ಮುದಿ ಒಣ ಅಮ್ಮ. ಲೇಬಲ್ಲಿನ ಮೇಲೆ ಅವರದೇ ಗಂಭೀರ ಮುಖದ ಫೋಟೋ. ಮುಚ್ಚಳ ತೆಗೆದರೆ ಎರಡು ಬೆರಳು ಎಣ್ಣೆ ನಿಂತಿರುತ್ತದೆ. ಒಣ ಎಂದು ಹೆಸರಿಟ್ಟುಕೊಂಡು ಇಷ್ಟು ತೊಯ್ದ ಪದಾರ್ಥ ನಾನು ಇನ್ನೊಂದು ನೋಡಿಲ್ಲ. ಮೊಸರನ್ನದ ಜೊತೆ ಒಳ್ಳೆಯದು.

ಅದೇ ಗ್ವಿಝೌ ಪ್ರಾಂತ್ಯದ ಇನ್ನೊಂದು ಬಾಟಲಿ ಮಾವ್‌ತಾಯ್. ನೂರಕ್ಕೆ 53ರಷ್ಟು ಮದ್ಯಸಾರ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬಂದಾಗ ಪ್ರಧಾನಿ ಚೌ ಎನ್‌ಲಾಯ್ ಎತ್ತಿ ಹಿಡಿದದ್ದು ಇದೇ ಲೋಟ. ಎತ್ತುವಾಗ ಹೇಳುವ ‘ಗಾನ್‌ಬೇ’ ಎಂಬುದರ ಅರ್ಥ ಬಟ್ಟಲು ಒಣಗಿಸು. ಹೇಳಿ ತುಟಿಗೆ ಮುಟ್ಟಿಸಿ ಇಡುವಂತಿಲ್ಲ, ಬಗ್ಗಿಸಿ ತೋರಿಸಬೇಕು. ವೈನಿನ ವಿಷಯದಲ್ಲಿ ಮಾತ್ರ ಇಂಗ್ಲಿಷಿನ ‘ಡ್ರೈ’ಯನ್ನೇ ಎತ್ತಿಕೊಂಡು ‘ಗಾನ್‌ಹಾಂಗ್’, ಅಂದರೆ ಒಣ ಕೆಂಪು, ಎಂದು ಹೆಸರಿಟ್ಟರು. ಲೀಟರಿಗೆ 4 ಗ್ರಾಮಿಗಿಂತ ಹೆಚ್ಚು ಸಕ್ಕರೆ ಉಳಿಯದಿದ್ದರೆ ಡ್ರೈ ಎಂಬುದು ಅಲ್ಲಿಯ ನಿಯಮವೂ ಹೌದು, ಯುರೋಪಿನದೂ ಹೌದು. 1990ರ ದಶಕದಲ್ಲಿ ಒಣ ಕೆಂಪು ಕುಡಿಯುವುದು ದೊಡ್ಡಸ್ತಿಕೆಯ ಲಕ್ಷಣವಾಯಿತು. ಕುಡಿದು ನೋಡಿದರೆ ಬರೀ ಹುಳಿ, ಒಗರು. ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿದೆ. ಏನು ಮಾಡುವುದು? ಸ್ಪ್ರೈಟ್ ಬೆರೆಸಿ ಕುಡಿದರು. ಫ್ರಾನ್ಸಿನವರು ಕೇಳಿ ಎದೆ ಬಡಿದುಕೊಂಡರೇನೋ. ನನಗಂತೂ ಇದರಲ್ಲಿ ತಪ್ಪು ಕಾಣಲಿಲ್ಲ. ‘ಏನಿಲ್ಲ?’ ಎಂದು ಕೇಳಿಕೊಂಡು, ಇಲ್ಲದ್ದನ್ನು ಅವರು ಸುರಿದುಕೊಂಡರು.

ಇಷ್ಟು ಹೊತ್ತೂ ಹೇಳಿದ್ದು ಉತ್ತರದವರ ಮಾತು. ನಾನಿದ್ದ ಗುವಾಂಗ್‌ಝೌನಲ್ಲಿ ಮನೆಮಾತು ಕ್ಯಾಂಟನೀಸ್. ಅಲ್ಲಿ ಒಣ ಎಂಬ ಪದವೇ ಅಪಶಕುನ. ಅವರ ಆಡುಮಾತಿನಲ್ಲಿ ನೀರು ಎಂದರೆ ದುಡ್ಡು. ಒಣಗಿತು ಎಂದರೆ ಜೇಬು ಬರಿದಾಯಿತು ಅಂತ. ವ್ಯಾಪಾರದ ಊರು, ಕೇಳಬೇಕೆ? ಹಂದಿಯ ಪಿತ್ತಜನಕಾಂಗಕ್ಕೆ ಇರುವ ಪದ ‘ಒಣ’ ಎಂದಂತೆಯೇ ಕೇಳಿಸುತ್ತದೆ ಎಂಬ ಕಾರಣಕ್ಕೆ ಕಟುಕನ ಅಂಗಡಿಯಲ್ಲಿ ಅದನ್ನು ‘ಒದ್ದೆ’ ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ಲೋಟ ಎತ್ತಿದಾಗಲೂ ‘ಬಟ್ಟಲು ಒಣಗಿಸು’ ಎನ್ನದೆ ‘ಯಮ್ ಸೆಂಗ್’, ಕುಡಿದು ಗೆಲ್ಲು, ಎನ್ನುತ್ತಾರೆ. ಸಿಂಗಪುರದಲ್ಲಿರುವ ಕನ್ನಡಿಗರು ಚೀನೀ ಮದುವೆಯ ಊಟದಲ್ಲಿ ಉಸಿರು ಕಟ್ಟುವವರೆಗೆ ಎಳೆದು ಕೂಗುವ ಈ ಕೂಗನ್ನು ಕೇಳಿರುತ್ತಾರೆ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ, ಹೋಗ್ತೀನಿ ಎನ್ನದೆ ಬರ್ತೀನಿ ಎನ್ನುವ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ವಿಚಿತ್ರವೆಂದರೆ ಆ ಊರಿನಲ್ಲಿ ಒಣಗುವುದು ಎಂಬುದೇ ಅಪರೂಪ. ವಸಂತದಲ್ಲಿ ದಕ್ಷಿಣದ ಗಾಳಿ ತಿರುಗಿದಾಗ ಗೋಡೆ ಬೆವರುತ್ತದೆ, ನೆಲದಲ್ಲಿ ನೀರು ಜಿನುಗುತ್ತದೆ, ಬೂಟಿನೊಳಗೆ ಬೂಷ್ಟು ಹಿಡಿಯುತ್ತದೆ. ಒಗೆದ ಅಂಗಿ ವಾರವಾದರೂ ಹಸಿಹಸಿ. ಅಂಥ ದಿನಗಳಲ್ಲಿ ಲೇಬಲ್ಲಿನ ಹುಡುಗಿ ‘ಹಗ್ಗದ ಮೇಲೆ ಒಣಗಿಸಿ’ ಎಂಬ ಚಿಹ್ನೆಯನ್ನು ಮುದ್ರಣಕ್ಕೆ ಕಳಿಸುತ್ತ ನಿಟ್ಟುಸಿರು ಬಿಡುತ್ತಿದ್ದಳು.

ಒಂದು ಜಾಗದಲ್ಲಿ ಮಾತ್ರ ಅವರೂ ನಾನೂ ಒಂದೇ ಬೆಂಚಿನ ವಿದ್ಯಾರ್ಥಿಗಳಾದೆವು. ಚೀನಿಯಲ್ಲಿ ಗಾನ್ ಎಂಬುದು ಕ್ರಿಯೆಯ ಮುಂದೆ ಬಂದರೆ ‘ಸುಮ್ಮಸುಮ್ಮನೆ, ಹುಸಿಯಾಗಿ’ ಎಂಬ ಅರ್ಥ. ಒಣದಾಗಿ ಕಾಯುವುದು ಎಂದರೆ ಬಾರದವನಿಗಾಗಿ ಕಾಯುವುದು. ಒಣ ನಗೆ ಎಂದರೆ ಬರೀ ತುಟಿಯ ನಗೆ. ಇದೆಲ್ಲ ನಮ್ಮದೇ ಅಲ್ಲವೆ? ಒಣ ಜಂಬ, ಒಣ ಉಪಚಾರ, ಒಣ ವೇದಾಂತ, ಒಣ ಪ್ರತಿಷ್ಠೆ. ಒಣ ಎಂದರೆ ಒಳಗೇನೂ ಇಲ್ಲ. ಇಂಗ್ಲಿಷಿನವರು ಮಾತ್ರ ‘ಡ್ರೈ ಹ್ಯೂಮರ್’ ಎಂದು ಹೊಗಳುತ್ತಾರೆ. ಮುಖದ ಗೆರೆ ಕದಲಿಸದೆ, ನಗಬೇಕೋ ಬೇಡವೋ ಎಂದು ಎದುರಿನವನಿಗೆ ಗೊತ್ತಾಗದ ಹಾಗೆ ಆಡುವ ಮಾತು ಅದು. ಅಲ್ಲಿ ಇಲ್ಲದಿರುವುದು ಹೇಳುವವನ ನಗು ಮಾತ್ರ, ಸರಕು ಭರ್ತಿಯಾಗಿರುತ್ತದೆ. ಇದನ್ನು ಒಪ್ಪಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ‘ಒಣಗಿದ ತಮಾಷೆಗೆ ಯಾರು ನಗ್ತಾರೆ?’ ಎಂದು ಅವರ ವಾದ. ಒಳಗೊಳಗೆ ನನ್ನದೂ ಅದೇ.

ಅವರಲ್ಲಿ ಇಂಥದಕ್ಕೆ ‘ತಣ್ಣನೆಯ ಹಾಸ್ಯ’ ಎಂಬ ಹೆಸರಿದೆ. ಇಂಗ್ಲಿಷರು ಒಣಗಿಸಿದ್ದನ್ನು ಚೀನಿಯರು ತಣ್ಣಗೆ ಮಾಡಿದ್ದಾರೆ. ತಣ್ಣನೆಯ ಜೋಕು ಎಂಬುದು ಬೇರೆ, ಅದು ಹೇಳಿದ ಕೂಡಲೇ ಕೋಣೆಯೇ ಹೆಪ್ಪುಗಟ್ಟುವಂಥದು. ನಮ್ಮ ಕಾಲೇಜು ಹುಡುಗರು ಪಿಜೆ ಎನ್ನುತ್ತಾರಲ್ಲ, ಅದು. ಹ್ಯೂಮರ್ ಎಂಬುದಕ್ಕೆ ಅವರಲ್ಲಿ ಸರಿಯಾದ ಪದವಿರಲಿಲ್ಲ. ಲೇಖಕ ಲಿನ್ ಯೂತಾಂಗ್ 1924ರಲ್ಲಿ ‘ಯೋಮೋ’ ಎಂಬ ಪದ ಚಾಲ್ತಿಗೆ ತಂದರು. 1932ರಲ್ಲಿ ಅದಕ್ಕೆಂದೇ ಒಂದು ಪತ್ರಿಕೆಯನ್ನೂ ತೆಗೆದು ಅದಕ್ಕೆ ಕನ್ಫ್ಯೂಷಿಯಸ್‌ನ ಗ್ರಂಥದ ಹೆಸರನ್ನೇ ಇಟ್ಟರು, ಅದೂ ಒಂದು ತಮಾಷೆಯೇ. ಯೋಮೋ ಎಂಬುದು ಇಂಗ್ಲಿಷಿನ ಸದ್ದಿಗೆ ಹತ್ತಿರವಾಗಿ ಕಟ್ಟಿದ ಪದ. ಆದರೆ ಅದಕ್ಕೆ ಅವರು ಆರಿಸಿದ ಎರಡು ಚಿಹ್ನೆಗಳ ಅರ್ಥ ಅಡಗಿದ್ದು ಮತ್ತು ಮೌನವಾದದ್ದು. ಇದನ್ನು ಹೇಳಿದಾಗ ಲೇಬಲ್ಲಿನ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ನಮ್ಮ ಹಾಸ್ಯ ಎಲ್ಲವೂ ಡ್ರೈಯೇ’ ಎಂದಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ನಾನು ಕೊಟ್ಟ ಬೀಗದ ಕೈ ನನ್ನ ಊರಿನಲ್ಲೇ ಕೆಲಸಕ್ಕೆ ಬಂದದ್ದನ್ನು ಹೇಳಬೇಕು. ಗಡಿಯ ಗಲಾಟೆಗೂ ಕೊರೊನಾಕ್ಕೂ ಮುಂಚಿನ ಮಾತು. ಅಕ್ಟೋಬರ್ 1 ಅವರ ರಾಷ್ಟ್ರೀಯ ದಿನ, ವಾರವಿಡೀ ಕಾರ್ಖಾನೆಗಳಿಗೆ ಬೀಗ. ಆ ಬಿಡುವಿನಲ್ಲಿ ಗೋದಾಮಿನ ಹುಡುಗನನ್ನು ಸ್ಯಾಂಪಲ್ ಸಮೇತ ಬೆಂಗಳೂರಿಗೆ ಕಳಿಸಿದರು. ಮಾರನೆಯ ಸಂಜೆ ಅವನಿಂದ ವೀಚಾಟ್‌ನಲ್ಲಿ ಒಂದು ಫೋಟೋ ಬಂತು. ಹೋಟೆಲಿನ ಕಿಟಕಿ, ಆಚೆ ಧೋ ಎಂದು ಮಳೆ, ರಸ್ತೆಯಲ್ಲಿ ನೀರು ಹರಿಯುತ್ತಿದೆ, ಆಟೊದವನೊಬ್ಬ ಗಾಡಿ ತಳ್ಳುತ್ತಿದ್ದಾನೆ. ಕೆಳಗೆ ಬರೆದಿದ್ದ: ‘ಲಾವ್‌ಶಿ, ಇವತ್ತು ಡ್ರೈ ಡೇ ಅಂತ ರಿಸೆಪ್ಷನ್‌ನವರು ಹೇಳ್ತಿದಾರೆ. ಇಲ್ಲಿ ಏನಿಲ್ಲ?’ ಗಾಂಧೀಜಿಯ ಹುಟ್ಟುಹಬ್ಬ, ಹಾಗಾಗಿ ಮದ್ಯ ಇಲ್ಲ ಎಂದು ಉತ್ತರ ಕಳಿಸಿದೆ. ಗುಜರಾತ್ ಎಂಬ ರಾಜ್ಯವಿದೆ, ಅಲ್ಲಿ ವರ್ಷವಿಡೀ ಡ್ರೈ ಎಂದೂ ಸೇರಿಸಿದೆ. ‘ಅಲ್ಲೂ ಮಳೆ ಬರುತ್ತಾ?’ ಎಂದು ಕೇಳಿದ.

ಊಟಕ್ಕೆ ಹೋದಾಗ ಮತ್ತೊಂದು ಫೋಟೋ. ಮೆನುವಿನಲ್ಲಿ ಗೋಬಿ ಮಂಚೂರಿ, ಡ್ರೈ ಮತ್ತು ಗ್ರೇವಿ. ‘ಡ್ರೈನಲ್ಲಿ ಗ್ರೇವಿ ಇಲ್ಲ, ಅಷ್ಟು ಗೊತ್ತಾಯ್ತು. ಮಂಚೂರಿಯಾ ಎಲ್ಲಿದೆ?’ ಎಂದು ಕೇಳಿದ್ದ. ಅವನು ಹುಟ್ಟಿದ್ದೇ ಈಶಾನ್ಯ ಚೀನಾದಲ್ಲಿ, ಅಂದರೆ ಮಂಚೂರಿಯಾದಲ್ಲಿ! ಅಲ್ಲಿ ಇಂಥ ತಿಂಡಿಯ ಹೆಸರನ್ನು ಯಾರೂ ಕೇಳಿಲ್ಲ. 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲ್ಸನ್ ವಾಂಗ್ ಎಂಬ ಕಲ್ಕತ್ತೆಯ ಚೀನೀ ಮೂಲದ ಬಾಣಸಿಗರು ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಪ್ರಸಿದ್ಧ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಅದು ನಮ್ಮ ಬೀದಿಬದಿಯ ತಳ್ಳುಗಾಡಿಯ ರಾಷ್ಟ್ರೀಯ ಆಹಾರವಾಯಿತು. ಅದರ ಕೆಂಪು ಬಣ್ಣ ವಿಪರೀತವಾಗಿ, 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಕೃತಕ ಬಣ್ಣವನ್ನೇ ನಿಷೇಧಿಸಬೇಕಾಯಿತು.

ಚೀನಾದಲ್ಲಿ ಗೋಬಿ ಡ್ರೈ ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ‘ಗಾನ್‌ಗ್ವೋ ಹ್ವಾಚಾಯ್’ ಎಂದು ಕೇಳಿ. ಒಣ ಬಾಣಲೆಯ ಹೂಕೋಸು ಎಂದರ್ಥ. ಹುನಾನ್, ಸಿಚುವಾನ್ ಶೈಲಿಯ ಹೋಟೆಲುಗಳಲ್ಲಿ ಸಿಗುತ್ತದೆ. ಹಿಟ್ಟಿಲ್ಲ, ಬಣ್ಣವಿಲ್ಲ. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಹುರಿದು, ಸಣ್ಣ ಉರಿಯ ಮೇಲೆ ಚಿಕ್ಕ ಬಾಣಲೆಯ ಸಮೇತ ಮೇಜಿಗೆ ತಂದಿಡುತ್ತಾರೆ. ನಮ್ಮದಕ್ಕಿಂತ ರುಚಿ ಎಂದು ಬೆಂಗಳೂರಿನಲ್ಲಿ ಕೂತು ಬರೆಯಲು ನನಗೆ ಭಯವಿಲ್ಲ. ಸಸ್ಯಾಹಾರಿಗಳು ಮಾತ್ರ ಆರ್ಡರ್ ಮಾಡುವ ಮುಂಚೆಯೇ ‘ಬೂ ಯಾವ್ ರೌ’, ಮಾಂಸ ಬೇಡ, ಎಂದು ಹೇಳಿಬಿಡಿ. ಹೆಸರಿನಲ್ಲಿ ಬರೀ ಹೂಕೋಸೇ ಇದ್ದರೂ ಹಂದಿಮಾಂಸದ ತೆಳು ಚೂರುಗಳನ್ನು ಅವರು ಕೇಳದೆಯೇ ಹಾಕುತ್ತಾರೆ.